ಕಸಿಮಿರಾಳ ನಾಲ್ಕು ಅಣಬೆಗಳು

ಪರ್ವತದ ನೆತ್ತಿಯ ಮೇಲಿನ ಊರು ಎಲ್ ಆಲ್ತೊದ ಆ ಗಲ್ಲಿಯಲ್ಲಿ ಕಸಿಮಿರಾ ಲಿಮಾಚಿ ಎಲ್ಲಿದ್ದಾಳೆ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಗ್ಯಾಸ್ ಕಸಿಮಿರಾ ಎನ್ನಿ, ಬೀದಿನಾಯಿ ಕೂಡ ಮುಂದೆ ಓಡಿ ಮನೆ ತೋರಿಸುತ್ತದೆ. ಯಾರ ಒಲೆ ಕೆಮ್ಮಿದರೂ, ಯಾರ ಸಿಲಿಂಡರ್ ಬುಸುಗುಟ್ಟಿದರೂ ಮೊದಲು ಬರುವವಳು ಅವಳೇ. ನೆರಿಗೆ ನೆರಿಗೆಯ ದೊಡ್ಡ ಲಂಗ, ಅದರ ಮೇಲೆ ಏಪ್ರನ್, ಏಪ್ರನ್ನಿನ ಜೇಬಿನಲ್ಲಿ ಸ್ಪ್ಯಾನರ್, ಎಷ್ಟು ಬಗ್ಗಿದರೂ ತಲೆಯಿಂದ ಜಾರದ ದುಂಡು ಟೋಪಿ. ಬಂದವಳೇ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಗ್ಯಾಸಿನ ಸದ್ದಿಗೆ ಕಿವಿ ಕೊಡುತ್ತಾಳೆ. ಆಮೇಲೆ ಮನೆಯವರನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ: "ಚೆನ್ನಾಗಿ ಉರೀತಿದ್ದಾಗಿಂದ ಇಲ್ಲೀವರ್ಗೂ ಮಧ್ಯೆ ಏನು ಮಾಡಿದ್ರಿ?"

"ಏನೂ ಮಾಡಿಲ್ಲ ಕಣಮ್ಮ, ದೇವರಾಣೆಗೂ ಏನೂ ಮಾಡಿಲ್ಲ" ಎನ್ನುತ್ತಾರೆ ಮನೆಯವರು.

ಕಸಿಮಿರಾ ಈ ಮಾತನ್ನು ಇಲ್ಲಿಯವರೆಗೆ ಒಮ್ಮೆಯೂ ನಂಬಿದವಳಲ್ಲ. ನಂಬದೆ ಇದ್ದುದರಿಂದಲೇ ಅವಳ ಕೈಗುಣ ಒಳ್ಳೆಯದೆಂದು ಹೆಸರಾಯಿತು. ಹುಡುಕಿದರೆ ಬರ್ನರಿನ ತೂತಿನಲ್ಲಿ ಉಕ್ಕಿದ ಹಾಲು ಇರುತ್ತಿತ್ತು, ಇಲ್ಲವೇ ಒಲೆ ಒರೆಸಲು ಹೋಗಿ ಪೈಪನ್ನು ಮಡಿಸಿರುತ್ತಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಬಯಲಿನಲ್ಲಿ. ಗಲ್ಲಿಯ ನಡುವಿನ ಆ ಬಯಲು ಅವಳು ಕೆರೆದಂಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಬರೀ ಹಳ್ಳವಾಗಿತ್ತು. ಗಲ್ಲಿಯವರೆಲ್ಲ ಸೇರಿ ಭಾನುವಾರ ಭಾನುವಾರ ಕಲ್ಲು ಮಣ್ಣು ಹೊತ್ತು ಅದನ್ನು ತುಂಬಿದರು. ಕಸಿಮಿರಾ ಬೆನ್ನಿಗೆ ಮಗಳನ್ನು ಕಟ್ಟಿಕೊಂಡೇ ಕಲ್ಲು ಹೊತ್ತಳು. ಬಯಲು ಸಮವಾದ ಮೇಲೆ ಅದರ ಅಂಚಿನಲ್ಲಿ ಒಂದು ಗ್ಯಾಸ್ ಒಲೆ ಇಟ್ಟುಕೊಂಡು ನೇರಳೆ ಮುಸುಕಿನ ಜೋಳದ ಬಿಸಿ ಗಂಜಿ ಆಪಿ ಕಾಯಿಸಿ, ಉಬ್ಬಿದ ಪೂರಿಯ ಜೊತೆ ಮಾರತೊಡಗಿದಳು. ಆ ಎತ್ತರದಲ್ಲಿ ಗಾಳಿಯೇ ತೆಳ್ಳಗೆ. ಕೆಳಗಿನ ಊರುಗಳಲ್ಲಿ ನೀಲಿಯಾಗಿ ಕುಣಿಯುವ ಉರಿ ಇಲ್ಲಿಗೆ ಬಂದರೆ ಹಳದಿಯಾಗಿ ತೂಕಡಿಸುತ್ತದೆ, ಪಾತ್ರೆಗೆ ಮಸಿ ಬಳಿಯುತ್ತದೆ. ಅದರ ಜೊತೆ ಗುದ್ದಾಡಿ ಗುದ್ದಾಡಿ ಕಸಿಮಿರಾಳಿಗೆ ಉರಿಯ ಮನಸ್ಸು ತಿಳಿಯಿತು. ಮಗಳು ನೆಲಿದಾ ನಡೆಯಲು ಕಲಿತದ್ದು ಆ ಬಯಲಿನಲ್ಲಿ. ಗಂಡ ತಿಯೊಫಿಲೊ ದೊಡ್ಡ ಡೋಲು ಬಾರಿಸಲು ಕಲಿತು ಅಕ್ಕಪಕ್ಕದವರ ಬೈಗುಳ ತಿಂದದ್ದೂ ಅಲ್ಲೇ.

ವರ್ಷಕ್ಕೊಂದು ಸಲ, ಜೂನ್ ತಿಂಗಳ ಸಾನ್ ಹುವಾನ್ ಹಬ್ಬದ ಸಂಜೆ, ಇಡೀ ಗಲ್ಲಿ ಆ ಬಯಲಿನಲ್ಲಿ ಬೆಂಕಿಯ ಸುತ್ತ ಕೂರುತ್ತಿತ್ತು. ವರ್ಷದಲ್ಲೇ ಹೆಚ್ಚು ಚಳಿಯ ದಿನ ಅದು. ಮುರಿದ ಕುರ್ಚಿ, ಹಳೇ ಬಾಗಿಲು, ಸವೆದ ಟೈರು, ಸಿಕ್ಕಿದ್ದನ್ನೆಲ್ಲ ಬೆಂಕಿಗೆ ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಊರಿಗೆ ಊರೇ ಹೊಗೆಯಲ್ಲಿ ಕೆಮ್ಮುತ್ತಿತ್ತು. ಕೊನೆಗೆ ಬೆಂಕಿ ಹಾಕಬಾರದೆಂದು ಕಟ್ಟಪ್ಪಣೆಯಾಯಿತು. ಅಪ್ಪಣೆ ತಪ್ಪೆಂದು ಯಾರೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಆದರೆ ಬೆಂಕಿಯ ಜೊತೆಗೆ ಜನವೂ ಆರಿಹೋದರು. ಸಾನ್ ಹುವಾನ್ ದಿನದ ಸಾಸೇಜನ್ನು ಅವರವರ ಮನೆಯಲ್ಲಿ ಟೀವಿಯ ಮುಂದೆ ಕೂತು ತಿನ್ನತೊಡಗಿದರು.

ಹೀಗೆ ಬಯಲು ಬಿಕೋ ಎನ್ನುತ್ತಿದ್ದಾಗ ದೋನ್ ಎವಾರಿಸ್ತೊ ತಾರ್ಕಿಯ ಕಣ್ಣು ಅದರ ಮೇಲೆ ಬಿತ್ತು. ಎವಾರಿಸ್ತೊ ಗಲ್ಲಿಯ ಸಂಘದ ಅಧ್ಯಕ್ಷ, ಒಂದು ಮಿನಿಬಸ್ಸಿನ ಮಾಲೀಕ, ಸಾಲದ್ದಕ್ಕೆ ಕಸಿಮಿರಾಳ ಕೊಂಪಾದ್ರೆ. ನೆಲಿದಾಳ ನಾಮಕರಣದಲ್ಲಿ ಧರ್ಮಪಿತನಾಗಿ ನಿಂತವನು ಅವನೇ. ಅಂದಿನಿಂದ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಆ ಸಂಬಂಧಕ್ಕೆ ಜಗಳವಾಡುವ ಹಕ್ಕು ಅಣ್ಣತಮ್ಮಂದಿರಿಗಿಂತ ಒಂದು ಗುಲಗಂಜಿ ಹೆಚ್ಚು. ಸಂಘದ ಸಭೆಯಲ್ಲಿ ಅವನು ಎದ್ದು ನಿಂತು, "ಯಾರೂ ಕೂರದ ಬಯಲು ಯಾಕೆ ಬೇಕ್ರಪ್ಪ? ಜುಲೈಯಿಂದ ಮಿನಿಬಸ್ ನಿಲ್ಲಿಸೋಣ. ಇಳಿಜಾರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟು ಕೊಟ್ಟು ಸಾಕಾಯ್ತು" ಎಂದ. ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದರು.

ಕಸಿಮಿರಾಳಿಗೆ ಎದೆಯೊಳಗೆ ಏನೋ ಧಗ್ ಎಂದಿತು. ಎದ್ದಳು.

"ಯಾರೂ ಕೂರಲ್ಲ ಅಂತ ಯಾರು ಹೇಳಿದ್ದು ಕೊಂಪಾದ್ರೆ? ಈ ಸಾನ್ ಹುವಾನ್‌ಗೆ ಕೂರಿಸ್ತೀನಿ ನೋಡು, ಇಡೀ ಗಲ್ಲೀನ! ಒಂದು ಕಡ್ಡಿ ಸೌದೆ ಸುಡದೆ!"

"ಆ ಚಳೀಲಿ? ಬಾಯಲ್ಲಿ ಬೆಂಕಿ ಉಗುಳ್ತೀಯೇನು ಕೊಮಾದ್ರೆ?"

"ಗ್ಯಾಸಲ್ಲಿ."

"ಆಗಲಿ. ಜನ ಕೂತರೆ ಬಯಲು ನಿಂದು. ಚಳಿಗೆ ಎದ್ದು ಮನೆಗೆ ಹೋದ್ರೆ ಜುಲೈಯಿಂದ ಮಿನಿಬಸ್ಸು. ಎಲ್ರೂ ಕೇಳಿಸ್ಕೊಂಡ್ರಲ್ಲ?"

ಕೇಳಿಸಿಕೊಂಡರು. ಸಾಯುವವರೆಗೂ ನೆನಪಿಡುವ ಹಾಗೆ ಕೇಳಿಸಿಕೊಂಡರು.

ಅವಳ ಧೈರ್ಯಕ್ಕೆ ಕಾರಣ ಮನೆಯ ಹಿಂದಿನ ಕೊಟ್ಟಡಿಯಲ್ಲಿ ಗೋಣಿ ಹೊದ್ದು ನಿಂತಿತ್ತು. ಕೆಳಗಿನ ಪಟ್ಟಣ ಲಾ ಪಾಸಿನಲ್ಲಿ ಒಂದು ಕಾಫಿ ಅಂಗಡಿ ಮುಚ್ಚುವಾಗ, ಅಂಗಳದಲ್ಲಿ ಕೂರುವ ಗಿರಾಕಿಗಳಿಗೆಂದು ಇಟ್ಟಿದ್ದ ನಾಲ್ಕು ಗ್ಯಾಸ್ ಹೀಟರುಗಳನ್ನು ಕೆಟ್ಟವೆಂದು ಮೂಲೆಗೆ ತಳ್ಳಿದ್ದರು. ಅಲ್ಲಿನ ಒಲೆ ರಿಪೇರಿಗೆ ಹೋದ ಕಸಿಮಿರಾ ಅವನ್ನು ಕೇಳಿ ತಂದಿದ್ದಳು. ಆಳೆತ್ತರದ ಕಂಬ, ಬುಡದ ಡಬ್ಬದಲ್ಲಿ ಸಿಲಿಂಡರ್, ತುದಿಯಲ್ಲಿ ಬರ್ನರು, ಅದರ ಮೇಲೆ ಅಗಲವಾದ ತಗಡಿನ ಟೋಪಿ. ಥೇಟ್ ಕಬ್ಬಿಣದ ಅಣಬೆ. ಬಿಚ್ಚಿ ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ, ಗ್ಯಾಸು ಬರುವ ಕೊಳವೆಯಲ್ಲಿ ಜೇಡ ಗೂಡು ಕಟ್ಟಿತ್ತು ಅಷ್ಟೆ. ಜೇಡನನ್ನು ಒಕ್ಕಲೆಬ್ಬಿಸಿದಳು. ಎತ್ತರದ ಗಾಳಿಗೆ ಹೊಂದುವ ಸಣ್ಣ ತೂತಿನ ಜೆಟ್ಟು ಕೂರಿಸಿದಳು. ಪೈಪಿನ ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು. ಸಾನ್ ಹುವಾನ್ ದಿನ ಮಧ್ಯಾಹ್ನ ನಾಲ್ಕನ್ನೂ ಬಯಲಿಗೆ ತಂದು ಹೊತ್ತಿಸಿದಾಗ ನಾಲ್ಕೂ ನೀಲಿಯಾಗಿ ಭರ್ ಎಂದವು. ಕಸಿಮಿರಾ ಒಬ್ಬಳೇ ಬಯಲಿನ ನಡುವೆ ನಿಂತು ಚಪ್ಪಾಳೆ ತಟ್ಟಿಕೊಂಡಳು. ಅಷ್ಟು ಖುಷಿ!

ಹೊಸದೇನು ಬಂದರೂ ಚಾಲ್ಯ ಮಾಡದೆ ಮುಟ್ಟುವವರು ಆ ಊರಿನಲ್ಲಿಲ್ಲ. ಮನೆಯಾಗಲಿ, ಬಸ್ಸಾಗಲಿ, ಹೊಲಿಗೆ ಯಂತ್ರವಾಗಲಿ, ಭೂಮಿತಾಯಿ ಪಾಚಮಾಮಳನ್ನು ನೆನೆದು ನೆಲಕ್ಕೆ ನಾಲ್ಕು ಹನಿ ಸಾರಾಯಿ ಚೆಲ್ಲಿ, ವಸ್ತುವಿನ ಮೇಲೆ ಬಿಯರ್ ಚಿಮುಕಿಸಿ, ಬಣ್ಣದ ಕಾಗದದ ಚೂರು ಎರಚಬೇಕು. ಅಣಬೆಗಳನ್ನು ಆರಿಸಿ, ಅವು ತಣ್ಣಗಾದ ಮೇಲೆ ಕಸಿಮಿರಾ ಸ್ಟೂಲು ಹತ್ತಿ, ಟೋಪಿಯ ಅಡಿಗೇ ಕೈ ಚಾಚಿ, ಒಂದೊಂದರ ನೆತ್ತಿಗೂ ಬಿಯರ್ ಬಾಟಲಿ ಬಗ್ಗಿಸಿದಳು. ಚಿಮುಕಿಸುವುದೆಲ್ಲ ಜಿಪುಣರ ಕೆಲಸ. ಬಯಲೇ ಉಳಿಯುವ ದಿನ, ಕೈ ಬಿಗಿ ಹಿಡಿಯುವುದುಂಟೇ? ನೊರೆ ಬುಸಬುಸನೆ ಇಳಿಯಿತು. ಅದರ ಮೇಲೆ ಗುಲಾಬಿ, ಹಳದಿ, ಹಸಿರು ಕಾಗದದ ಚೂರುಗಳನ್ನು ಬೊಗಸೆ ಬೊಗಸೆ ಸುರಿದಳು. "ತಾಯಿ, ಕೈ ಬಿಡಬೇಡ" ಎಂದು ಬೇಡಿಕೊಂಡು, ತುಂಬಿದ ಸಿಲಿಂಡರ್ ತರಲು ಹೋದಳು.

ಸೂರ್ಯ ಮುಳುಗುತ್ತಿದ್ದಂತೆ ಜನ ಬಂದರು. ಕುರ್ಚಿ ಹೊತ್ತು, ಕಂಬಳಿ ಹೊದ್ದು, ಸಾಸೇಜಿನ ಪಾತ್ರೆ ಹಿಡಿದು ಬಂದರು. ನಂಬಿಕೆಗಿಂತ ಕುತೂಹಲಕ್ಕೆ ಬಂದವರೇ ಹೆಚ್ಚು. ಎವಾರಿಸ್ತೊ ಕತ್ತಿಗೆ ಸಂಘದ ಮೆಗಾಫೋನು ನೇತುಹಾಕಿಕೊಂಡು ಬಂದ. ಅವನ ಹೆಂಡತಿ ಲಾವ್ರಿಯಾನ ಆಪಿಯ ದೊಡ್ಡ ಕೊಳಗವನ್ನೇ ಹೊತ್ತು ತಂದಳು.

ಕಸಿಮಿರಾ ಮೊದಲ ಅಣಬೆಯ ನಾಬ್ ಒತ್ತಿ ಹಿಡಿದು ಕಿಡಿ ಹೊಡೆದಳು. ಬರ್ನರಿನ ಪಕ್ಕದ ಪುಟ್ಟ ಪೈಲಟ್ ಉರಿ ಹೊತ್ತಿಕೊಂಡಿತು. ಜನ ಓ ಎಂದರು. ನಾಬಿನಿಂದ ಕೈ ತೆಗೆದಳು, ಪುಸಕ್ ಎಂದು ಆರಿತು. ಜನ ಅಯ್ಯೋ ಎಂದರು. ಮತ್ತೆ ಒತ್ತಿದಳು, ಮತ್ತೆ ಆರಿತು.

"ಉರಿ ಇದೆಯಾ ಅಂತ ನೋಡ್ಕೊಳ್ಳೋ ಕಾವಲು ಕಡ್ಡಿ ಇನ್ನೂ ಕಾದಿಲ್ಲ" ಎಂದು ಸುತ್ತಲಿನವರಿಗೆ ಹೇಳಿದಳು. "ಅದು ಬಿಸಿಯಾಗೋವರ್ಗೂ ಗ್ಯಾಸ್ ಬಿಡಲ್ಲ. ತಾಳಿ, ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡೀತೀನಿ."

ಹೆಬ್ಬೆರಳು ಮರಗಟ್ಟುವವರೆಗೆ ಹಿಡಿದಳು. ಬಿಟ್ಟರೆ ಮತ್ತದೇ ಪುಸಕ್.

ಎರಡನೆಯದಕ್ಕೆ ಹೋದಳು. ಅಲ್ಲಿ ಗ್ಯಾಸಿನ ಉಸಿರೇ ಇಲ್ಲ. ತಪ್ಪು ಯಾರದೆಂದು ತಕ್ಷಣ ಹೊಳೆಯಿತು: ಅವಸರದಲ್ಲಿ ಸಿಲಿಂಡರಿನ ವಾಲ್ವನ್ನು ಒಂದೇ ಏಟಿಗೆ ಪೂರ್ತಿ ತಿರುಗಿಸಿದ್ದಳು. ಹಾಗೆ ಮಾಡಿದರೆ ಎಲ್ಲೋ ಪೈಪು ಕಿತ್ತುಬಂದಿದೆ ಎಂದುಕೊಂಡು ರೆಗ್ಯುಲೇಟರು ಬಾಯಿ ಕಚ್ಚಿಕೊಳ್ಳುತ್ತದೆ. ಮುಚ್ಚಿ, ಸ್ವಲ್ಪ ಕಾದು, ಮಗುವಿನ ಮುಷ್ಟಿ ಬಿಡಿಸುವ ಹಾಗೆ ಮೆಲ್ಲಗೆ ಬಿಚ್ಚಿದಳು. ಗ್ಯಾಸು ಬಂತು. ಉರಿಯೂ ಬಂತು, ಆದರೆ ಹಳದಿ, ಕುಂಟು, ಮಸಿ ಕಾರುವ ಉರಿ.

"ಸಿಲಿಂಡರಿಗೆ ಚಳಿಯಾಗಿದೆ. ನೆಲಿದಾ, ಉಗುರುಬೆಚ್ಚಗಿನ ನೀರು ತಗೊಂಬಾ! ಉಗುರುಬೆಚ್ಚಗೆ ಅಂದೆ, ಕುದಿಯೋದಲ್ಲ. ಬೀದೀನ ಬೆಚ್ಚಗೆ ಮಾಡೋಕೆ ಬಂದಿದೀನಿ, ಹಾರಿಸೋಕಲ್ಲ!"

ನೀರು ಬಂತು, ಸಿಲಿಂಡರು ಸ್ನಾನ ಮಾಡಿತು, ಉರಿ ಮಾತ್ರ ಹಾಗೇ ಕುಂಟಿತು. ಮೂರನೆಯ ಅಣಬೆ ಹೊತ್ತಿದ ಮರುಗಳಿಗೆಯೇ ಟಕ್ ಎಂದು ತಾನಾಗಿ ನಿಂತುಹೋಯಿತು.

"ಇದು ವಾಲಿದೆ" ಎಂದಳು ಕಸಿಮಿರಾ. "ವಾಲಿದ್ರೆ ತಾನೇ ಆಫ್ ಆಗುತ್ತೆ, ಬಿದ್ದು ಯಾರನ್ನೂ ಸುಡಬಾರ್ದು ಅಂತ. ಮಧ್ಯಾಹ್ನ ನಡುವಲ್ಲಿತ್ತು, ಈ ಮೂಲೇಲಿ ನೆಲ ಡೊಂಕು."

ಇಂಥ ತುತ್ತು ಬಾಯಿಗೇ ಬಿದ್ದರೆ ಎವಾರಿಸ್ತೊ ಬಿಟ್ಟಾನೆಯೇ? ಮೆಗಾಫೋನು ಎತ್ತಿದ. "ಕೇಳಿದ್ರಾ ಗಲ್ಲಿಯವರೇ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಬಯಲು ಬಿದ್ದು ಬಿದ್ದು ನಕ್ಕಿತು. ನೆಲ ನಿಜಕ್ಕೂ ಡೊಂಕಾಗಿತ್ತು. ಆ ಮೂಲೆಯನ್ನು ತುಂಬಿದವನು ಎವಾರಿಸ್ತೊನೇ, ಅದನ್ನು ಕಸಿಮಿರಾ ಅಷ್ಟೇ ಗಟ್ಟಿಯಾಗಿ ಮೆಗಾಫೋನಿಲ್ಲದೆಯೇ ಹೇಳಿದಳು. ಇನ್ನೂ ಜೋರಾಗಿ ನಕ್ಕರು. ಚಪ್ಪಟೆ ಕಲ್ಲು ಕೊಟ್ಟು ಅಣಬೆಯನ್ನು ನೆಟ್ಟಗೆ ನಿಲ್ಲಿಸಿದಳು. ಈಗ ಅದು ತಾನಾಗಿ ನಿಲ್ಲಲಿಲ್ಲ, ಎರಡನೆಯದರ ಹಾಗೆಯೇ ಹಳದಿಯಾಗಿ ಕುಂಟಿತು. ನಾಲ್ಕನೆಯದು ಹೊತ್ತುವ ಸೋಗನ್ನೂ ಹಾಕಲಿಲ್ಲ.

ಚಳಿ ಇಳಿಯತೊಡಗಿತು. ಕಸಿಮಿರಾ ಎಲ್ಲರನ್ನೂ ಬೈದಳು. ಸಿಲಿಂಡರಿನ ಲಾರಿಯವನನ್ನು, ಪರ್ವತದ ಗಾಳಿಯನ್ನು, ಕಾಫಿ ಅಂಗಡಿಯನ್ನು, ಕೊನೆಗೆ ಎವಾರಿಸ್ತೊನ ಕಣ್ಣನ್ನೂ ಬೈದಳು. ಬೆನ್ನ ಮೇಲೆ ಮಗು, ಕೈಯಲ್ಲಿ ಕಲ್ಲು, ಹಾಗೆ ತುಂಬಿದ ಬಯಲು ತನ್ನ ಕೈಯಿಂದಲೇ ಹೋಗುತ್ತಿದೆ ಎನಿಸಿತು.

ಲಾವ್ರಿಯಾನ ಆಪಿಯ ಸೌಟು ಹಿಡಿದೇ ಹತ್ತಿರ ಬಂದಳು. "ಮಧ್ಯಾಹ್ನ ಉರೀತಿತ್ತು ತಾನೇ ಕಸಿಮಿರಾ?"

"ಉರೀತಿತ್ತು. ನೀಲಿ ಬಾವುಟದ ಥರ ಉರೀತಿತ್ತು!"

"ಹಾಗಾದ್ರೆ ಆಗಿಂದ ಇಲ್ಲೀವರ್ಗೂ ಮಧ್ಯೆ ಏನು ಮಾಡಿದೆ?"

"ಏನೂ ಮಾಡಿಲ್ಲ ಕಣೇ, ದೇವರಾಣೆಗೂ ಏನೂ ಮಾಡಿಲ್ಲ!"

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಊರಿನವರ ಬಾಯಲ್ಲಿ ಸಾವಿರ ಸಲ ಕೇಳಿ, ಒಮ್ಮೆಯೂ ನಂಬದ ಮಾತು. ಗ್ಯಾಸು ಬಂದ್ ಮಾಡಿದಳು, ಸ್ಟೂಲು ಎಳೆದು ಹತ್ತಿದಳು, ಟೋಪಿಯ ಅಡಿಗೆ ತಲೆ ತೂರಿಸಿದಳು. ಲಾವ್ರಿಯಾನ ಮೊಬೈಲಿನ ಬೆಳಕು ಹಿಡಿದಳು. ಪೈಲಟ್ಟಿನ ಪುಟ್ಟ ಬಾಯಿಗೆ ಗುಲಾಬಿ ಕಾಗದದ ಚೂರೊಂದು ಬಿಯರಿನ ಅಂಟಿನಲ್ಲಿ ಒದ್ದೆಯಾಗಿ ಕಚ್ಚಿಕೊಂಡು ಕೂತಿತ್ತು. ಕಾವಲು ಕಡ್ಡಿಯ ಮೇಲೆ ಹಸಿರು. ಗಾಳಿ ಒಳಸೇರುವ ಕಿಂಡಿಗಳಲ್ಲಿ ಹಳದಿ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಕೊಳವೆಯೊಳಗಿನ ಜೇಡನ ಗೂಡನ್ನು ಹುಡುಕಿ ಹಿಡಿದವಳಿಗೆ ತನ್ನ ಕೈಯ ಬೊಗಸೆ ಕಂಡಿರಲಿಲ್ಲ. ಆಶೀರ್ವಾದವೂ ಅಡ್ಡ ಬಂದೀತು ಎಂದು ಯಾರು ಅಂದುಕೊಳ್ಳುತ್ತಾರೆ?

"ಏನಂತೆ?" ಕೆಳಗಿನಿಂದ ಎವಾರಿಸ್ತೊ ಕೂಗಿದ.

ಕಸಿಮಿರಾ ಗುಲಾಬಿ ಚೂರನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದಳು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಬಯಲಿನಲ್ಲಿ ಎದ್ದ ನಗು ಪಕ್ಕದ ಗಲ್ಲಿಗಳ ನಾಯಿಗಳನ್ನೂ ಎಬ್ಬಿಸಿತು. "ಹೀಟರಿಗೆ ಕುಡಿಸಿದೀಯಲ್ಲೇ!" "ಅಮಲು ಇಳಿಯೋವರ್ಗೂ ಬಿಡು, ಪಾಪ!" ಎಂದು ಮೂಲೆ ಮೂಲೆಯಿಂದ ಕೂಗಿದರು. ಹಿರಿಯರೊಬ್ಬರು ಮಾತ್ರ ಗಂಭೀರವಾಗಿ, "ಚಾಲ್ಯ ಮಾಡಿದ್ದನ್ನ ಅಳಿಸಬಾರ್ದು ಕಣಮ್ಮ, ತಾಯಿ ಮುನಿದಾಳು" ಎಂದರು.

"ತಾಯಿ ಬಾಯಿ ಕೆಳಗಿದೆ ತಾತ. ನಾನು ಖುಷೀಲಿ ಬೇರೆಯವರ ಬಾಯಿಗೆ ಸುರಿದೆ. ಅವಳ ಪಾಲು ಅವಳಿಗೆ ಕೊಟ್ಟುಬಿಡ್ತೀನಿ" ಎಂದು ಕಾಗದದ ಚೂರನ್ನು ಭಕ್ತಿಯಿಂದ ನೆಲಕ್ಕೆ ಬಿಟ್ಟಳು. ತಾತ ಒಪ್ಪಿದರು.

ಕಾರಣ ಸಿಕ್ಕಿದ್ದೇ ತಡ, ಕಸಿಮಿರಾಳ ಕೈಗೆ ಹತ್ತು ಕೈಗಳ ಬಲ ಬಂತು. ನಾಲ್ಕೂ ಅಣಬೆಗಳ ತಲೆ ಬಿಚ್ಚಿ ಕಂಬಳಿಯ ಮೇಲೆ ಸಾಲಾಗಿ ಹರಡಿದಳು. ಚಾಲ್ಯಕ್ಕೆ ತಂದು ಉಳಿದಿದ್ದ ಸಾರಾಯಿಯಲ್ಲಿ ಬಟ್ಟೆ ಅದ್ದಿ ಬಿಯರಿನ ಅಂಟು ಒರೆಸಿದಳು, ಕಾವಲು ಕಡ್ಡಿಗಳನ್ನು ಬೆಳ್ಳಗೆ ಉಜ್ಜಿದಳು. ಯಾರೋ ಹೆಂಗಸು ಶಾಲಿನ ಪಿನ್ನು ಕಿತ್ತು ಕೊಡಲು ಬಂದಳು. "ಬೇಡ ಬೇಡ! ಚುಚ್ಚಿದ್ರೆ ತೂತು ದೊಡ್ಡದಾಗುತ್ತೆ, ಆಮೇಲೆ ಮಸಿ ಬಿಟ್ರೆ ಏನೂ ಬರಲ್ಲ. ಊದಬೇಕು. ಜೋರಾಗಿ ಊದಬೇಕು." ಬಾಯಲ್ಲಿ ಊದಿದಳು. ನೆಲಿದಾ ಊದಿದಳು. ಆ ಎತ್ತರದಲ್ಲಿ ಯಾರ ಎದೆಯಲ್ಲಿ ಅಷ್ಟು ಗಾಳಿಯಿದೆ? ಕೊಳವೆಯ ಒಳಗೆ ನೆನೆದು ಮುದ್ದೆಯಾದ ಕಾಗದ ಅಲುಗಲಿಲ್ಲ.

"ಪಂಪು ಬೇಕು, ಟೈರಿನ ಪಂಪು" ಎಂದಳು ಕಸಿಮಿರಾ.

ಗಲ್ಲಿಯಲ್ಲಿ ಕಾಲಲ್ಲಿ ತುಳಿಯುವ ಪಂಪು ಇದ್ದದ್ದು ಒಂದೇ, ಎವಾರಿಸ್ತೊನ ಮಿನಿಬಸ್ಸಿನಲ್ಲಿ. ಎಲ್ಲರ ತಲೆ ಒಟ್ಟಿಗೇ ಅವನತ್ತ ತಿರುಗಿತು. ಅವನು ಮೆಗಾಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಸುಮ್ಮನಿದ್ದರೆ ಸಾಕು, ಬಯಲು ಅವನದು. ಕಸಿಮಿರಾ ಅವನ ಮುಖವನ್ನೇ ನೋಡುತ್ತ ಕೂತಳು.

"ನೋಡ್ತಾ ನಿಂತ್ಕೋ" ಎಂದಳು ಲಾವ್ರಿಯಾನ ಗಂಡನಿಗೆ. "ನಾಳೆಯಿಂದ ಮಿನಿಬಸ್ಸಲ್ಲೇ ಮಲಗು, ಊಟಾನೂ ಮಿನಿಬಸ್ಸೇ ಬಡಿಸುತ್ತೆ."

"ಹೋಗ್ತಿದೀನಲ್ಲೇ! ಕೀಲಿ ಹುಡುಕ್ತಿದೀನಿ!"

ಇಳಿಜಾರಿನಲ್ಲಿ ಓಡಿಹೋಗಿ ಏದುಸಿರು ಬಿಡುತ್ತ ಪಂಪು ತಂದ. ತಂದವನು ಕೊಡಲಿಲ್ಲ, ತಾನೇ ತುಳಿದ. ಕಸಿಮಿರಾ ಕೊಳವೆಯ ಬಾಯಿಗೆ ಪಂಪಿನ ತುದಿ ಒತ್ತಿ ಹಿಡಿದಳು. ತಿಯೊಫಿಲೊ ಸುಮ್ಮನಿರಲಾರದೆ ಡೋಲು ತಂದು ಅವನ ಕಾಲಿಗೆ ತಾಳ ಕೊಟ್ಟ. ಪ್ರತಿ ಕೊಳವೆಯ ಬಾಯಿಂದ ಬಣ್ಣದ ಮುದ್ದೆ ಹಾರಿದಾಗಲೂ ಜನ ಕೇಕೆ ಹಾಕಿದರು. ಡೋಲಿನ ಸದ್ದಿಗೆ ಹೆಂಗಸರು ಕೈ ಕೈ ಹಿಡಿದು ಕುಣಿಯತೊಡಗಿದರು. ಮೊಬೈಲುಗಳೆಲ್ಲ ಬೆಳಕಾಗಿ ಕಸಿಮಿರಾಳ ತಲೆಯ ಮೇಲೆ ಬಾಗಿದವು. ಮೇಲಿನ ಗಲ್ಲಿಯವರು ಇದೇನು ಗದ್ದಲ ಎಂದು ನೋಡಲು ಬಂದವರು ಲಾವ್ರಿಯಾನಳ ಆಪಿ ಹೀರುತ್ತ ಅಲ್ಲೇ ನಿಂತರು. ಎವಾರಿಸ್ತೊ ಅಷ್ಟು ಚಳಿಯಲ್ಲೂ ಕೋಟು ಬಿಚ್ಚಿ ಎಸೆದು, "ಇನ್ನೊಂದು ಹಿಡಿ ಕೊಮಾದ್ರೆ, ಇನ್ನೊಂದು!" ಎಂದು ತುಳಿಯುತ್ತಲೇ ಇದ್ದ.

ಸಾರಾಯಿ ಪೂರ್ತಿ ಆರಿದೆಯೇ ಎಂದು ಮೂಸಿ ನೋಡಿ, ತಲೆಗಳನ್ನು ಮತ್ತೆ ಕೂರಿಸಿ, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ, ಕಸಿಮಿರಾ ಮೊದಲ ನಾಬ್ ಒತ್ತಿದಳು. ಕಿಡಿ. ಪೈಲಟ್. ಒತ್ತಿ ಹಿಡಿದಳು, ಬಯಲೇ ಅವಳ ಜೊತೆ ಉಸಿರು ಹಿಡಿಯಿತು. ಕೈ ತೆಗೆದಳು. ಆರಲಿಲ್ಲ! ನಾಬ್ ತಿರುಗಿಸಿದಳು, ಟೋಪಿಯ ಅಡಿಯಲ್ಲಿ ಭರ್ ಎಂದು ನೀಲಿ ಉಂಗುರ ಎದ್ದು ಜಾಲರಿ ಕೆಂಪೇರಿತು. ಎರಡನೆಯದು. ಮೂರನೆಯದು. ನಾಲ್ಕನೆಯದೂ! ತಿಯೊಫಿಲೊ ಡೋಲಿನ ಚರ್ಮ ಹರಿಯುವ ಹಾಗೆ ಬಾರಿಸಿದ. ಕಸಿಮಿರಾ ಕುಣಿದಳು, ಸ್ಪ್ಯಾನರ್ ಎತ್ತಿ ಹಿಡಿದೇ ಕುಣಿದಳು.

"ಬೆಚ್ಚಗಿದೆಯಲ್ಲ? ಈಗ ಹೇಳು ಕೊಂಪಾದ್ರೆ!" ಎಂದು ಎವಾರಿಸ್ತೊನ ಮುಂದೆ ನಿಂತಳು.

ಅವನು ಬೆವರು ಒರೆಸಿಕೊಂಡ. "ನ್ಯಾಯವಾಗಿ ಮಾತಾಡೋಣ. ಹೀಟರು ಹೊತ್ತದೇ ಇದ್ರೆ ಜನ ಮನೆಗೆ ಹೋಗ್ತಾರೆ ಅನ್ನೋದು ನನ್ನ ಲೆಕ್ಕ. ನಿನ್ನ ಹೀಟರು ಹೊತ್ತಲಿಲ್ಲ."

"ಹೊತ್ತಿವೆಯಲ್ಲ, ಕಣ್ಣು ಕಾಣಲ್ವಾ?"

"ಈಗಿಂದು ಬಿಡು. ಅಷ್ಟೊತ್ತು ಹೊತ್ತಲಿಲ್ಲ. ಆವಾಗ ಯಾರು ಎದ್ದು ಹೋದ್ರು?"

ಕಸಿಮಿರಾ ತಿರುಗಿ ನೋಡಿದಳು. ಅಷ್ಟು ಹೊತ್ತೂ ಬರ್ನರಿನೊಳಗೆ ತಲೆ ತೂರಿಸಿದ್ದವಳಿಗೆ ಬಯಲು ಕಂಡಿರಲಿಲ್ಲ. ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಕುರ್ಚಿಯಿಲ್ಲದವರು ಕಲ್ಲಿನ ಮೇಲೆ, ಕಲ್ಲು ಸಿಗದವರು ಇನ್ನೊಬ್ಬರ ಕಂಬಳಿಯೊಳಗೆ.

"ಬೆಚ್ಚಗಿರೋಕೆ ಕೂತವರಲ್ಲ ಇವರು" ಎಂದ ಎವಾರಿಸ್ತೊ. "ನಿನ್ನ ಫಜೀತಿ ನೋಡೋಕೆ ಕೂತವರು."

"ಕೂತರಲ್ಲ ಕೊಂಪಾದ್ರೆ!" ಕಸಿಮಿರಾಳ ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು, ಒರೆಸಿಕೊಳ್ಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. "ಕೂತರಲ್ಲ!"

ಎವಾರಿಸ್ತೊ ಮೆಗಾಫೋನನ್ನು ಬಾಯಿಗಿಟ್ಟ. ಕೆಮ್ಮಿದ.

"ಗಲ್ಲಿಯವರೇ, ಜುಲೈಯಿಂದ ಮಿನಿಬಸ್ಸಿನವರೆಲ್ಲ ಇಳಿಜಾರಲ್ಲೇ ನಿಲ್ಲಿಸ್ಕೋಬೇಕು, ಚಕ್ರಕ್ಕೆ ಕಲ್ಲು ಕೊಟ್ಕೋಬೇಕು" ಎಂದ. ಲಾವ್ರಿಯಾನ ಅವನನ್ನೇ ನೋಡುತ್ತಿದ್ದಳು. ಅವನು ಮತ್ತೆ ಮೆಗಾಫೋನು ಎತ್ತಿ, "ನಾನೂ ಸೇರಿ" ಎಂದ.